ಮೂಲೆ ಹೊಲಿಯದ ಕೌದಿ

ಮಹಾನವಮಿ ಹತ್ತಿರ ಬಂತೆಂದರೆ ನಮ್ಮ ಕಡೆ ಹಾಸಿಗೆ ಹೊದಿಕೆಯೆಲ್ಲ ನೀರು ಕಾಣಲೇಬೇಕು. ಮೊದಲೆಲ್ಲ ಕೌದಿಗಳನ್ನು ಬಂಡಿಯಲ್ಲಿ ಹೇರಿಕೊಂಡು ಕಾಲುವೆಗೆ ಹೋಗುತ್ತಿದ್ದೆವು. ಈಗ ನನ್ನ ಮೊಣಕಾಲು ಒಪ್ಪುವುದಿಲ್ಲ, ಹಿತ್ತಲ ನಳದ ಕೆಳಗೇ ಎಲ್ಲ ನಡೆಯುತ್ತದೆ. ನಳಕ್ಕೆ ನೀರು ಬರುತ್ತದಲ್ಲ, ಅಷ್ಟಾದರೂ ದೇವರು ಇಟ್ಟಿದ್ದಾನೆ. ಅಂದು ನಾಲ್ಕು ದೊಡ್ಡ ಕೌದಿಗಳನ್ನು ಮುಗಿಸಿ, ಸೊಂಟ ಹಿಡಿದುಕೊಂಡು ಎದ್ದು, ಕಡೆಯದಾಗಿ ಕೂಸಿನ ಅಳತೆಯ ಒಂದು ಚಿಕ್ಕ ಕೌದಿಯನ್ನು ಬಕೀಟಿನ ಸೋಪಿನ ನೀರಿನಲ್ಲಿ ಅದ್ದಿದ್ದೆ. ಆಗ ವಡಗೇರಾದಿಂದ ಈರಮ್ಮನ ಫೋನು ಬಂತು.

"ಚಿಗವ್ವಾ, ಅಪ್ಪ ಹೋದ. ಚಾ ಕುಡದು ಲೋಟ ಕೆಳಗಿಟ್ಟ, ಅಷ್ಟ," ಅಂದಳು.

ನರಳಲಿಲ್ಲ, ಯಾರಿಂದಲೂ ಉಚ್ಚೆ ತೊಳೆಸಿಕೊಳ್ಳಲಿಲ್ಲ. ಅದೂ ಒಂದು ಪುಣ್ಯವೇ. ನಾನು ಕೈಗೆ ಹತ್ತಿದ ನೊರೆಯನ್ನು ಸೀರೆಗೆ ಒರೆಸಿಕೊಂಡು ನಿಂತೆ. ಬಕೀಟಿನಲ್ಲಿ ಆ ಚಿಕ್ಕ ಕೌದಿ ಗಾಳಿ ಹಿಡಿದು ಉಬ್ಬಿ ಮೇಲೆ ಬಂದಿತ್ತು. ಅದನ್ನು ಒತ್ತಿ ಮುಳುಗಿಸಿ, ಬೇರೆ ಸೀರೆ ಉಟ್ಟು, ಬಸ್ಸಿಗೆ ಹೊರಟೆ.

ಈರಮ್ಮನ ಅಪ್ಪ ಅಂದರೆ ನನ್ನ ಗಂಡನ ಅಣ್ಣ, ನನಗೆ ಭಾವನವರು. ಅವರಿಗೆ ನಾನು ಹೇಳಬೇಕಾದ ಮಾತು ಒಂದಿತ್ತು. ಒಮ್ಮೆ ಹೇಳಿದ್ದೆ, ಅದು ತಪ್ಪಾಗಿ ಮುಟ್ಟಿತ್ತು. ಸರಿಯಾಗಿ ಹೇಳುವುದಕ್ಕೆ ದೇವರು ಮೂವತ್ತು ವರ್ಷಕ್ಕೂ ಹೆಚ್ಚು ಸಮಯ ಕೊಟ್ಟಿದ್ದ. ಅಷ್ಟು ವರ್ಷದಲ್ಲಿ ನಾನು ಏನು ಮಾಡಿದೆ ಎಂದು ಕೇಳಿದರೆ, ರೊಟ್ಟಿ ಬಡಿದೆ ಎಂದಷ್ಟೇ ಹೇಳಬಲ್ಲೆ.

ನಾನು ಹತ್ತಿಕುಣಿ ಕಡೆಯಿಂದ ಕೆಂಭಾವಿ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದಾಗ ಭಾವನವರ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಈರಮ್ಮ ಇನ್ನೂ ಲಂಗದ ಹುಡುಗಿ. ಈಗಿನ ಹುಡುಗಿಯರಿಗೆ ಹೇಳಿದರೆ ನಗುತ್ತಾರೆ, ಆಗ ಭಾವನ ಎದುರು ತಮ್ಮನ ಹೆಂಡತಿ ನಿಲ್ಲುವಂತಿರಲಿಲ್ಲ, ಮಾತಾಡುವಂತಿರಲಿಲ್ಲ. ಅವರು ಪಡಸಾಲೆಗೆ ಬಂದರೆ ನಾನು ಸೆರಗು ಮುಂದಕ್ಕೆಳೆದುಕೊಂಡು ಬಾಗಿಲ ಹಿಂದೆ ಸರಿಯಬೇಕು. ಅವರಿಗೆ ಏನಾದರೂ ತಿಳಿಸಬೇಕೆಂದರೆ ಅತ್ತೆಯ ಕೈಯಲ್ಲಿ ಹೇಳಿಸಬೇಕು, ಅತ್ತೆ ಇಲ್ಲದಿದ್ದರೆ ಬಾಗಿಲಿಗೆ ಹೇಳಬೇಕು. "ಸಾರು ಆರಾಕತ್ತೈತಿ" ಎಂದು ನಾನು ಬಾಗಿಲಿಗೆ ಹೇಳುತ್ತಿದ್ದೆ. "ಕೈ ತೊಕ್ಕೊಂಡು ಬಂದೆ" ಎಂದು ಅವರು ತೊಲೆಗೆ ಹೇಳುತ್ತಿದ್ದರು. ನಮ್ಮ ಮನೆಯ ಬಾಗಿಲು ತೊಲೆಗಳು ಕೇಳಿಸಿಕೊಂಡಷ್ಟು ಮಾತನ್ನು ಮನುಷ್ಯರೂ ಕೇಳಿಸಿಕೊಂಡಿರಲಿಕ್ಕಿಲ್ಲ. ಮನೆದೇವರು ತಿಂಥಣಿ ಮೌನೇಶ್ವರ. ಆ ಹೆಸರಿಗೆ ತಕ್ಕ ಸೊಸೆ ಎಂದು ಅತ್ತೆ ನನ್ನನ್ನು ಹೊಗಳುತ್ತಿದ್ದರು, ನಾನೂ ಉಬ್ಬುತ್ತಿದ್ದೆ.

ಆದರೆ ವರ್ಷಕ್ಕೆ ಎರಡು ಮೂರು ಸಲ ಭಾವನವರ ಮುಖವನ್ನು ನಾನು ಕಣ್ಣು ತುಂಬ ನೋಡಬಹುದಾಗಿತ್ತು. ಬಯಲಾಟದಲ್ಲಿ. ಅವರದು ಹೆಣ್ಣಿನ ಪಾತ್ರ. ರಾಣಿಯಾಗಿ ಸೀರೆಯುಟ್ಟು, ಜಡೆ ಹಾಕಿ, ನತ್ತಿಟ್ಟು ಬಂದವಳ ಮುಂದೆ ನನಗೆ ಎಂಥ ಸೆರಗು? ಮೈ ದೊಡ್ಡದು, ಧ್ವನಿ ಮಾತ್ರ ಎಳೆಯದು. ಪೇಟಿಯ ಸ್ವರ ಎದ್ದು, ಮದ್ದಳೆಗೆ ಕೈ ಬಿದ್ದು, ಅವರು ಮೊದಲನೆಯ ಪದ ಎತ್ತಿದರೆ ಬೀಡಿ ಹಚ್ಚಿದವರು ಸೇದುವುದನ್ನು ಮರೆಯುತ್ತಿದ್ದರು. ಆಟ ಮುಗಿಸಿ ಬೆಳಗಾಗಿ ಮನೆಗೆ ಬಂದವರು ಬಣ್ಣ ತೊಳೆಯುವ ಮೊದಲು ಕಟ್ಟೆಯ ಮೇಲೆ ಕೂತು, "ಒಳಗ ಕೇಳವ್ವಾ, ಹೆಂಗಾತಂತ" ಎಂದು ಅತ್ತೆಗೆ ಹೇಳುವುದು ವಾಡಿಕೆ. ನನ್ನ ತವರಿನವರು ಭಜನೆಯ ಮಂದಿ, ನನಗೆ ತಾಳ ತಿಳಿಯುತ್ತದೆ ಎಂದು ಅವರಿಗೆ ಗೊತ್ತಿತ್ತು. "ಚಲೋ ಆತಂತ್ರಿ" ಎಂದು ನಾನು ಒಳಗಿನಿಂದ ಹೇಳಿಸುತ್ತಿದ್ದೆ. ಅಷ್ಟಕ್ಕೇ ಎದ್ದು ಮುಖ ತೊಳೆದುಕೊಳ್ಳುತ್ತಿದ್ದರು.

ಮೇಳದ ಉಡುಪನ್ನೆಲ್ಲ ಹೊಲಿಯುತ್ತಿದ್ದವರೂ ಅವರೇ. ಅದರಿಂದಲೇ ಕೌದಿಯ ಹುಚ್ಚೂ ಹತ್ತಿತ್ತು. ಗಂಡಸು ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಕೌದಿ ಹೊಲಿದರೆ ಊರು ಸುಮ್ಮನಿರುತ್ತದೆಯೇ? "ಏನವ್ವಾ ರಾಣೀ, ಬಾಣಂತನ ಯಾವಾಗ?" ಎಂದು ಹೋಗುವವರು ಬರುವವರು ಕೆಣಕುವರು. "ನಿನ್ನ ಹೆಂತಿ ಕೈಯಾಗ ಸೂಜಿ ಹಿಡಿಯೂದು ಕಲ್ತ ದಿವಸ," ಎಂದು ಇವರು ತಲೆ ಎತ್ತದೆ ಹೇಳುವರು.

ನಾನು ಮೊದಲ ಸಲ ಬಸುರಾದಾಗ ಅತ್ತೆ ಹಳೆಯ ಸೀರೆಗಳನ್ನು ಹರಿದು, ತುಂಡು ಜೋಡಿಸಿ, ಕೂಸಿಗೊಂದು ಕೌದಿ ಹಾಕಿದರು. ಅದನ್ನು ಎರಡು ಕಡೆಯಿಂದ ಹೊಲಿದದ್ದು ನಾನು ಮತ್ತು ಭಾವನವರು. ಬೆಳಿಗ್ಗೆ ಅವರು ಒಂದು ಅಂಚಿನಿಂದ ಹೊಲಿಯುತ್ತ ಬಂದು ಬಿಟ್ಟು ಹೋಗುವರು, ಮಧ್ಯಾಹ್ನ ಭಾಂಡೆ ತಿಕ್ಕಿ ಮುಗಿಸಿ ನಾನು ಇನ್ನೊಂದು ಅಂಚಿನಿಂದ ಹೊಲಿಯುವೆ. ಅವರ ಹೊಲಿಗೆ ಎಳ್ಳು ಬಿತ್ತಿದ ಹಾಗೆ, ನನ್ನದು ಕುಂಟೆ ಹೊಡೆದ ಸಾಲು. ಅವರು ಗುನುಗುತ್ತ ಹೊಲಿಯುತ್ತಿದ್ದರಿಂದ ಎರಡು ಸಣ್ಣ, ಒಂದು ಉದ್ದ, ಮತ್ತೆ ಎರಡು ಸಣ್ಣ ಎಂದು ಹೊಲಿಗೆಗೇ ತಾಳ ಬಂದಿರುತ್ತಿತ್ತು. ಬೆಳಿಗ್ಗೆ ಯಾವ ಪದ ಹಾಡಿಕೊಂಡಿದ್ದಾರೆ ಎಂದು ಮಧ್ಯಾಹ್ನ ಬೆರಳಿನಿಂದ ಓದಬಲ್ಲೆ ಎಂದು ನಾನು ಮನಸ್ಸಿನಲ್ಲೇ ಜಂಬಪಡುತ್ತಿದ್ದೆ. ಏಳುವ ಮುಂಚೆ ಸೂಜಿಗೆ ಹೊಸ ನೂಲು ಪೋಣಿಸಿ ನನ್ನ ಕಡೆಯ ಅಂಚಿಗೆ ಚುಚ್ಚಿಟ್ಟು ಹೋಗುತ್ತಿದ್ದರು. ಮಾತಿಲ್ಲದ ಮನೆಯಲ್ಲಿ ಅದೇ ಮಾತು.

ನಮ್ಮ ಮನೆಯಲ್ಲಿ ಕೌದಿಗೊಂದು ನೇಮವಿದೆ. ಕಡೆಯ ಮೂಲೆ ಅದರ ಬಾಯಿ. ಆ ಬಾಯಿಯನ್ನು ಖಾಲಿ ಹೊಟ್ಟೆಯಲ್ಲಿ ಮುಚ್ಚಬಾರದು, ಒಂದು ಚೂರು ರೊಟ್ಟಿ ಒಳಗಿಟ್ಟು ಹೊಲಿಯಬೇಕು. ಅದು ಕೂಸಿನ ಕೌದಿಯಾದರೆ ಹೆಸರಿಡುವ ದಿನದವರೆಗೂ ಮೂಲೆ ಹಾಗೇ ತೆರೆದಿರಬೇಕು. ನನಗೆ ಗಂಡು ಹುಟ್ಟಿತು, ಒಂಬತ್ತನೆಯ ದಿನ ಕೂಸು ತೀರಿಹೋಯಿತು. ಹೆಸರೂ ಇಲ್ಲ, ಹೊಲಿದ ಮೂಲೆಯೂ ಇಲ್ಲ. ಅತ್ತೆ ಕೌದಿಯನ್ನು ಮಡಚಿ ಟ್ರಂಕಿನ ತಳಕ್ಕೆ ಹಾಕಿದರು. ನನಗೆ ಅಳು ಬರಲಿಲ್ಲ. ಎದೆಯಲ್ಲಿ ಹಾಲು ಕಟ್ಟಿತು, ಕಣ್ಣು ಒಣಗಿತು. ತಿಂಗಳುಗಟ್ಟಲೆ ಹಾಗೇ ತಿರುಗಿದೆ. ಸೊಸೆ ಗಟ್ಟಿಗಿತ್ತಿ ಎಂದರು ಕೆಲವರು, ಕಲ್ಲು ಎಂದರು ಕೆಲವರು.

ನಮ್ಮ ಹೊಲಕ್ಕೆ ಕಾಲುವೆ ನೀರು ಮೊದಲ ಸಲ ಹರಿದ ವರ್ಷ ಅದು. ನೀರು ಬಂದ ಸಂಭ್ರಮಕ್ಕೆ ಊರವರು ಆಟ ಇಟ್ಟುಕೊಂಡರು. ಕಾಡು ಪಾಲಾದ ರಾಣಿಯ ಕಥೆ. ಕೂಸನ್ನು ಎತ್ತಿಕೊಂಡು ದಿಕ್ಕುಗೆಟ್ಟು ನಡೆದವಳು ಬೆಳಗಿನ ಜಾವಕ್ಕೆ ಮರದ ಕೆಳಗೆ ಕೂತು ಜೋಗುಳ ಹಾಡಬೇಕು. ಮೇಳದಲ್ಲಿ ಕೂಸಿನ ಬದಲು ಬಟ್ಟೆಯ ಗಂಟು ಹಿಡಿಯುವುದು ರೂಢಿ. ಹೆಂಗಸರ ನಡುವೆ ಕೂತಿದ್ದ ನಾನು ಕತ್ತೆತ್ತಿ ನೋಡುತ್ತೇನೆ, ರಾಣಿಯ ತೋಳಿನಲ್ಲಿ ಆ ಕೌದಿ. ಅತ್ತೆ ಟ್ರಂಕಿನಿಂದ ತೆಗೆದುಕೊಟ್ಟಿದ್ದರಂತೆ, ನನಗೆ ಯಾರೂ ಹೇಳಿರಲಿಲ್ಲ.

ಸಿಟ್ಟು ಬಂತೇ ಎಂದು ನೀವು ಕೇಳಬಹುದು. ಇಲ್ಲ. ಭಾವನವರು ಆ ಗಂಟಿನ ತಲೆಯ ಕೆಳಗೆ ಅಂಗೈ ಇಟ್ಟಿದ್ದರು. ಬಟ್ಟೆಗೆ ಎಂಥ ಕತ್ತು? ಆದರೂ ಕತ್ತು ನಿಲ್ಲದ ಕೂಸನ್ನು ಹಿಡಿಯುವ ಹಾಗೆಯೇ ಹಿಡಿದಿದ್ದರು. ಪೇಟಿಯವನು ಸ್ವರ ಇಳಿಸಿದ, ಮದ್ದಳೆ ನಿಂತಿತು, ಅವರು ಸಣ್ಣ ದನಿಯಲ್ಲಿ ಹಾಡಿದರು. ಒಂಬತ್ತು ದಿನ ಮಾತ್ರ ಹಿಡಿದಿದ್ದ ನನ್ನ ಕೂಸನ್ನು ಯಾರೋ ಇನ್ನೂ ಹಿಡಿದುಕೊಂಡಿದ್ದಾರೆ ಅನ್ನಿಸಿತು. ಆಗ ಬಂತು ನೋಡಿ ಅಳು. ಪಕ್ಕದವರ ಮಡಿಲಿಗೆ ಬಿದ್ದು ಅತ್ತುಬಿಟ್ಟೆ. ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿ ಅತ್ತ ಇಟ್ಟ ಹಾಗಾಯಿತು. ದೇವರು ನನಗೆ ಮಾಡಿದ ಉಪಕಾರಗಳನ್ನು ಎಣಿಸಲು ಕೂತರೆ ಇವತ್ತಿಗೂ ಆ ಬೆಳಗನ್ನೇ ಮೊದಲು ಎಣಿಸುತ್ತೇನೆ.

ಮನೆಗೆ ಬಂದು ಬಾಗಿಲ ಹಿಂದೆ ನಿಂತೆ. ಭಾವನವರು ಬಣ್ಣದಲ್ಲೇ ಕಟ್ಟೆಗೆ ಬಂದು ಕೂತರು. ಅಂದು ಕೇಳುವುದಕ್ಕೂ ಅಂಜಿದ್ದರೋ ಏನೋ, ಹೆಂಗಾತಂತ ಕೇಳಿಸಲಿಲ್ಲ. ನಾನೇ ಅತ್ತೆಗೆ ಹೇಳಿದೆ.

"ಅತ್ತೀ, ಭಾವನೋರು ನನ್ನ ಅಳಸಿಬಿಟ್ರು ಅಂತ ಹೇಳ್ರಿ."

ಅತ್ತೆಗೆ ಆಗಲೇ ಕಿವಿ ಮಂದವಾಗಿತ್ತು. ನನ್ನ ಗಂಟಲು ಅತ್ತತ್ತು ಕಟ್ಟಿತ್ತು. ಅವರು ಕಟ್ಟೆಗೆ ಹೋಗಿ ಗಟ್ಟಿಯಾಗಿ ಹೇಳಿದರು.

"ಅಳಸಿಬಿಡು ಅಂತಾಳಪಾ. ಬಣ್ಣ."

ಕಣ್ಣೀರು ಬರಿಸುವುದಕ್ಕೂ ಬಣ್ಣ ಒರೆಸಿ ಹಾಕುವುದಕ್ಕೂ ನಮ್ಮ ಭಾಷೆಯಲ್ಲಿ ಅದೊಂದೇ ಮಾತು. ಬಾಗಿಲ ಸಂದಿಯಿಂದ ನೋಡಿದೆ. ಭಾವನವರು ತೊಡೆಯ ಮೇಲಿದ್ದ ಆ ಕೌದಿಯನ್ನು ಮಡಚಿ ತಾಯಿಯ ಕೈಗೆ ಕೊಟ್ಟರು. ಆಮೇಲೆ ಹೆಗಲ ಮೇಲಿನ ಟವಲಿನಿಂದ, ನೀರೂ ಹಾಕಿಕೊಳ್ಳದೆ, ಒಣ ಬಣ್ಣವನ್ನು ತಿಕ್ಕಿ ತಿಕ್ಕಿ ತೆಗೆದರು. ನಾನು ಒಂದು ಹೆಜ್ಜೆ ಹೊಸ್ತಿಲು ದಾಟಿ, "ಹಂಗಲ್ರಿ" ಎಂದಿದ್ದರೆ ಮುಗಿದಿತ್ತು. ನಾನು ಸೆರಗು ಎಳೆದುಕೊಂಡೆ.

ಅವರು ಮತ್ತೆ ಬಣ್ಣ ಹಚ್ಚಲಿಲ್ಲ.

ಅತ್ತೆಗೆ ಮರುದಿನ ಬಿಡಿಸಿ ಹೇಳಿದೆ. ಅವರು ನಕ್ಕು, ಈರಮ್ಮ ಬೆಳೆಯುತ್ತಿದ್ದಾಳೆ, ಸೀರೆ ಉಟ್ಟು ಕುಣಿಯುವವನ ಮಗಳನ್ನು ಯಾರು ಮಾಡಿಕೊಳ್ಳುತ್ತಾರೆ, ಆದದ್ದು ಒಳ್ಳೆಯದೇ ಆಯಿತು ಎಂದುಬಿಟ್ಟರು. ನನ್ನ ಗಂಡನಿಗೆ ಹೇಳಿದೆ. ಭತ್ತದ ನಾಟಿ ತಲೆಯ ಮೇಲಿದೆ, ಆಟದ ಮಾತು ಈಗೇಕೆ ಎಂದರು. ಜೋಳ ಬೆಳೆಯುವಾಗ ಸುಗ್ಗಿಯ ಮೇಲೆ ಬಿಡುವಿತ್ತು. ನೀರು ಬಂದ ಮೇಲೆ ಒಂದು ಬೆಳೆ ಕೊಯ್ಯುವಷ್ಟರಲ್ಲಿ ಇನ್ನೊಂದಕ್ಕೆ ಸಸಿ ಸಿದ್ಧ. ಭಾವನವರು ಕೆಸರಿನಲ್ಲಿ ಹೊಕ್ಕು ಇಬ್ಬರ ಕೆಲಸ ಮಾಡಿದರು. ಮನೆ ಏಳಿಗೆ ಕಂಡಿತು. ದೇವರ ಮುಂದೆ ಕೂತು ಸುಳ್ಳು ಹೇಳಬಾರದು, ಅದು ನನಗೂ ಹಿತವಾಗಿಯೇ ಇತ್ತು. ಇವತ್ತು ಬೇಡ, ಸುಗ್ಗಿ ಮುಗಿಯಲಿ, ಹೇಳಿಸೋಣ ಎಂದುಕೊಂಡೆ. ಕಾಲುವೆಯ ಊರಿನಲ್ಲಿ ಸುಗ್ಗಿ ಮುಗಿಯುವುದಿಲ್ಲ ಎಂದು ಆಗ ನನಗೇನು ಗೊತ್ತು?

ಕಾಲುವೆ ಬಂತು, ಆಟ ಹೋಯಿತು ಎಂದು ಊರವರು ಇಂದಿಗೂ ಹೇಳುತ್ತಾರೆ. ನಾನೂ ಹೌದೆಂದು ತಲೆ ಆಡಿಸುತ್ತಿದ್ದೆ. ಪಾಪ, ಬಾಯಿಲ್ಲದ ಕಾಲುವೆ, ನನ್ನ ತಪ್ಪನ್ನೂ ಹೊತ್ತುಕೊಂಡು ಹರಿಯಿತು.

ಈರಮ್ಮನ ಮದುವೆಯಲ್ಲಿ ಬೀಗರ ಕಡೆಯ ಹೆಂಗಸರು, ಒಂದು ಪದ ಹಾಡಬೇಕು ಎಂದು ಅವರಿಗೆ ದುಂಬಾಲು ಬಿದ್ದರು. ಅಡಿಗೆಯ ಹೊಗೆಯಲ್ಲಿ ನಾನು ಕಿವಿ ನಿಮಿರಿಸಿ ನಿಂತೆ.

"ಬಣ್ಣ ಅಳಸೀನ್ರವ್ವಾ," ಅಂದರು ಭಾವನವರು. "ಕೂಸು ಕಳಕೊಂಡಾಕಿ ಮುಂದ ತಾಯಿ ಆಟ ಆಡಿದವ ನಾನು. ಇನ್ನ ಹಾಡಬಾರ್ದು."

ನನಗೆ ಅಲ್ಲಿಯವರೆಗೆ ಅವರ ಮನಸ್ಸಿನಲ್ಲಿ ಏನಿದೆ ಎಂಬುದು ಅಂದಾಜು ಮಾತ್ರ ಇತ್ತು. ಆ ದಿನ ತಿಳಿಯಿತು. ತಿಳಿದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ನನಗೆ ಮುಂದೆ ಇಬ್ಬರು ಮಕ್ಕಳಾದರು, ಅತ್ತೆ ಹೋದರು, ಆಮೇಲೆ ನನ್ನ ಗಂಡನೂ ಹೋದರು, ಕಾಲ ಸಡಿಲಾಯಿತು. ಭಾವನವರು ಮಗಳ ಊರು ಸೇರುವ ಹೊತ್ತಿಗೆ ನಾನು ಎದುರು ನಿಂತು, "ಇನ್ನೊಂದು ರೊಟ್ಟಿ ಹಾಕ್ಲೇನ್ರಿ" ಎನ್ನುವಷ್ಟು ದಿಟ್ಟೆಯಾಗಿದ್ದೆ. ರೊಟ್ಟಿಯನ್ನು ದಾಟಿ ಮಾತು ಮುಂದೆ ಹೋಗಲಿಲ್ಲ.

ಬಸ್ಸು ಶಹಾಪುರ ದಾಟುವಾಗ ಕಿಟಕಿಯಲ್ಲಿ ಮಲಗಿದ ಬುದ್ಧನ ಗುಡ್ಡ ಕಂಡಿತು. ಎಷ್ಟೋ ಸಲ ನೋಡಿದ, ಮನುಷ್ಯ ಅಂಗಾತ ಮಲಗಿದ ಹಾಗೆ ಕಾಣುವ ಗುಡ್ಡ. ಅಂದು ಕಣ್ಣು ಬೇರೆ ಕಡೆ ತಿರುಗಿಸಿದೆ.

ವಡಗೇರಾದ ಮನೆಯಲ್ಲಿ ಅವರನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ವಿಭೂತಿ. ಮಗ್ಗುಲಲ್ಲಿ ಭಜನೆಯವರು ತಾಳ ಹಾಕುತ್ತಿದ್ದರು. ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಕೂತು, ಅವರ ಗುಣ ಎತ್ತಿ ಹಾಡಿಕೊಂಡು ಅಳುತ್ತಾರೆ. ಆಗ ಯಾರು ಯಾರಿಗೆ ಏನು ಹೇಳಿದರೂ ತಪ್ಪಿಲ್ಲ, ತಲೆಯ ಸೆರಗು ಜಾರಿದರೂ ಯಾರೂ ಅನ್ನುವುದಿಲ್ಲ. ನಾನು ಸೆರಗನ್ನು ಹಿಂದಕ್ಕೆ ಸರಿಸಿ ಅವರ ಮುಖ ನೋಡಿದೆ. ಬಣ್ಣವಿಲ್ಲದ ಆ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ನಡುವೆ ಅತ್ತೆ ಇರಲಿಲ್ಲ, ಬಾಗಿಲೂ ಇರಲಿಲ್ಲ.

"ಅಳಸಿದ್ರಿ, ಭಾವನೋರ. ಅವತ್ತು ನನ್ನ ಅಳಸಿದ್ರಿ."

ಮೂರು ಸಲ ಹೇಳಿದೆ, ಗಟ್ಟಿಯಾಗಿ. ಪಕ್ಕದಲ್ಲಿದ್ದ ಮುದುಕಿ ನನ್ನ ಬೆನ್ನು ಸವರಿ ರಾಗ ಎತ್ತಿದಳು.

"ಹೌದ ನನ್ನವ್ವಾ, ಎಲ್ಲಾರ್ನೂ ಅಳಸಿ ಹ್ವಾದ."

ಉಳಿದ ಹೆಂಗಸರೂ ಅದನ್ನೇ ಹಿಡಿದು ಹಾಡಿದರು. 'ಅವತ್ತು' ಎಂಬ ಒಂದು ಮಾತು ಯಾರ ಕಿವಿಗೂ ಬೀಳಲಿಲ್ಲ. ಈರಮ್ಮ ನನ್ನ ಕೊರಳಿಗೆ ಬಿದ್ದು ಅತ್ತಳು. ಅವಳಿಗೆ ಹೇಳಬೇಕೆಂದು ಬಾಯಿ ತೆರೆದೆ, ಆ ಗದ್ದಲದಲ್ಲಿ ಆಗಲಿಲ್ಲ. ಹೇಳಬೇಕಾದದ್ದು ಅವಳಿಗಲ್ಲವಲ್ಲ.

ಮೂರನೆಯ ದಿನ ಊರಿಗೆ ಬಂದೆ. ಬಕೀಟಿನ ನೀರು ಹುಳಿವಾಸನೆ ಹೊಡೆಯುತ್ತಿತ್ತು. ಚಿಕ್ಕ ಕೌದಿಯನ್ನು ಐದಾರು ನೀರಿನಲ್ಲಿ ಜಾಲಿಸಿ ಹಗ್ಗಕ್ಕೆ ಹಾಕಿದೆ. ಬಿಸಿಲು ಚೆನ್ನಾಗಿತ್ತು, ಮಧ್ಯಾಹ್ನಕ್ಕೆ ಒಣಗಿತು. ತೊಡೆಯ ಮೇಲೆ ಹಾಕಿಕೊಂಡು ನೋಡಿದೆ. ಒಂದು ಕಡೆ ನನ್ನ ಕುಂಟೆಸಾಲು, ಇನ್ನೊಂದು ಕಡೆ ಎರಡು ಸಣ್ಣ, ಒಂದು ಉದ್ದ. ಎಷ್ಟು ಒಗೆತ ಕಂಡರೂ ಅವರ ಕಡೆಯ ಒಂದು ಎಳೆಯೂ ಬಿಟ್ಟಿಲ್ಲ. ಮೂಲೆ ಮಾತ್ರ ಬಾಯಿ ತೆರೆದುಕೊಂಡಿತ್ತು.

ಸೂಜಿ ತಂದೆ. ನೂಲು ಪೋಣಿಸಿ ಇಟ್ಟವರಿಲ್ಲ, ನಾಲ್ಕನೆಯ ಸಲಕ್ಕೆ ನೂಲು ಸೂಜಿಯ ಕಣ್ಣಿಗೆ ಹೋಯಿತು. ಹೊಲಿಯಲು ಕೂತಾಗ ನೆನಪಾಯಿತು, ನಾನೊಬ್ಬಳೇ ಇರುವ ಮನೆಯಲ್ಲಿ ಮೂರು ದಿನದಿಂದ ಒಲೆ ಹೊತ್ತಿಲ್ಲ, ಬುಟ್ಟಿಯಲ್ಲಿ ಒಂದು ಚೂರು ರೊಟ್ಟಿಯೂ ಇಲ್ಲ. ಸೂಜಿಯನ್ನು ಅಂಚಿಗೆ ಚುಚ್ಚಿಟ್ಟು ಒಳಗೆ ಹೋದೆ. ಎಸರಿಗೆ ನೀರಿಟ್ಟು, ಜೋಳದ ಹಿಟ್ಟು ಜರಡಿ ಹಿಡಿದು, ಮೊದಲನೆಯ ರೊಟ್ಟಿ ಬಡಿಯಲು ಕೂತೆ.