ಹಂಗಿಗೊಂದು ನಿಯಮ

ಆ ಆಟದ ಪುಸ್ತಕದ ಹಿಂಬದಿಯಲ್ಲಿ, ಯಾವ ಲೋಕದ ಕಥೆಯನ್ನಾದರೂ ಇದೇ ನಿಯಮಗಳಲ್ಲಿ ಆಡಬಹುದು ಎಂದು ಬರೆದಿತ್ತು. ಅದನ್ನು ನಂಬಿಯೇ ತರಿಸಿದ್ದೆ. ಆಟ ಸರಳ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ಪಾತ್ರ ಮಾಡಹೊರಟ ಕೆಲಸ ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಾಗ ದಾಳ ಉರುಳಿಸಬೇಕು. ಹೆಚ್ಚು ಬಿದ್ದರೆ ಗೆಲುವು, ಕಡಿಮೆ ಬಿದ್ದರೆ ಸೋಲು.

ಭಾನುವಾರ ಮಧ್ಯಾಹ್ನ ಕೊಪ್ಪಳದ ನಮ್ಮ ಮನೆಯಲ್ಲಿ ಮೂವರು ಕೂಡುತ್ತಿದ್ದೆವು. ನಾನು, ಗಿಣಿಗೇರಿಯ ಕಾರ್ಖಾನೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಗಂಗಾವತಿಯ ಗೆಳೆಯ, ಮತ್ತು ನನ್ನ ಅಣ್ಣನ ಹೆಂಡತಿ. ಹನುಮಸಾಗರದ ಹೆಣ್ಣುಮಗಳು, ನಾನು ವೈನಿ ಎನ್ನುತ್ತೇನೆ. ಮೊದಲು ಆಕಾಶನೌಕೆಯ ಕಥೆ ಆಡಿದೆವು, ಆಮೇಲೆ ಕೋಟೆ ಕಾಳಗ. ಬಂದೂಕಿನ ಜಾಗಕ್ಕೆ ಕತ್ತಿ ಬಂತು, ಅಷ್ಟೇ. ನಿಯಮಗಳು ಎಲ್ಲೂ ತಡವರಿಸಲಿಲ್ಲ.

ನಮ್ಮ ಕಡೆಯದೇ ಕಥೆ ಮಾಡೋಣವೆಂದು ನನಗೆ ಆಸೆಯಾಯಿತು. ಕಾಲುವೆಯ ಕೊನೆಯಲ್ಲೊಂದು ಊರು. ಮೇಲಿನ ಊರಿನ ಗೌಡ ನೀರು ಬಿಡುತ್ತಿಲ್ಲ. ಕಥೆ ನಡೆಸುವವನು ನಾನೇ, ಗೌಡನೂ ನಾನೇ. ವೈನಿ ಊರಿನ ಮುದುಕಿಯಾದರು. ಗೌಡನ ಬಾಗಿಲಲ್ಲಿ ಕೂತು, ತಾನೇ ಬಾಣಂತನ ಮಾಡಿದ್ದ ಅವನ ಮಗಳ ಕ್ಷೇಮ ವಿಚಾರಿಸಿ, ನೀರಿನ ಮಾತು ತೆಗೆದರು. ಎಷ್ಟು ಚೆನ್ನಾಗಿ ಮಾತಾಡಿದರೆಂದರೆ ಗೆಳೆಯನೂ ಫೋನು ಕೆಳಗಿಟ್ಟ. ಆದರೆ ಮನವೊಲಿಸಲು ದಾಳ ಬೇಕೆಂದು ನಿಯಮ. ಉರುಳಿಸಿದರು. ಒಂದು ಬಿತ್ತು.

“ಮುದುಕಿ ಸೋತ್ಲು. ಇನ್ನ ಕೈಯಾಗ ಬಡಿಗಿ ತಗೋರಿ,” ಎಂದ ಗೆಳೆಯ.

ವೈನಿ ನನ್ನ ಕಡೆ ತಿರುಗಿದರು. “ನೀರ ಕೊಡಂಗಿಲ್ಲ ಅನ್ನಾಂವ ಗೌಡನೋ, ನಿಮ್ಮ ದಾಳನೋ?”

“ನಿಯಮ ಹಂಗ ಐತ್ರಿ ವೈನಿ.”

ಅವರು ಎದ್ದು ಚಹಾ ಇಡಲು ಹೋದರು.

ವಾರವಿಡೀ ಪುಸ್ತಕ ತಿರುವಿ ತಲೆಕೆಟ್ಟಿತು. ಗಾಯ, ಗುರಾಣಿ, ವಿಷ, ಬೆಂಕಿಗೆ ಅಧ್ಯಾಯಗಳೇ ಇದ್ದವು. ಮಾತಿಗೆ ಅರ್ಧ ಪುಟ. ಕೊನೆಗೆ ನಾನೇ ಒಂದು ನಿಯಮ ಸೇರಿಸಿದೆ: ಒಬ್ಬರ ಹಂಗು ಇನ್ನೊಬ್ಬರ ಮೇಲಿದ್ದರೆ ದಾಳ ಬೇಡ, ಮಾತು ನಡೆಯುತ್ತದೆ.

ಮುಂದಿನ ಸಲ ಗೆಳೆಯ ಅದನ್ನೇ ಹಿಡಿದುಕೊಂಡ. “ನನ್ನ ಪಾತ್ರ ಮಂದಿಗೆಲ್ಲಾ ಚಹಾ ಕುಡಿಸೈತಿ. ಎಲ್ಲಾರೂ ನನ್ನ ಹಂಗಿನ್ಯಾಗ ಅದಾರ,” ಎಂದು ಬಂದೂಕಿಗೆ ಗುಂಡು ತುಂಬಿಕೊಂಡವನಂತೆ ಬೀಗಿದ.

“ಬಾಯಿ ಬಿಟ್ಟ ಹೇಳಿದ ಮ್ಯಾಲ ಅದು ಹಂಗು ಉಳೀತೈತೇನ್ರಿ?” ಎಂದರು ವೈನಿ.

ಹೇಳಿಕೊಂಡ ಹಂಗು ನಡೆಯದು ಎಂದು ಅದನ್ನೂ ನಿಯಮ ಮಾಡಿದೆ. ಗೆಳೆಯನಿಗೆ ಸಿಟ್ಟು ಬಂತು. “ದಿನಾ ಮನ್ಯಾಗ ಈ ಹಂಗಿನ ಲೆಕ್ಕನ ಐತಲ್ಲೋ ಮಾರಾಯಾ. ಆಡಾಕೂ ಇದ ಬೇಕಾ? ಆಕಾಶನೌಕಿನ ಛಲೋ ಇತ್ತು.” ಅವನ ಮಾತು ಸುಳ್ಳಾಗಿರಲಿಲ್ಲ. ಅದೇ ಹೆಚ್ಚು ಕಿರಿಕಿರಿಯಾಯಿತು. ಈಗ ಅವನು ಗಂಗಾವತಿಯಲ್ಲೇ ಬೇರೆಯವರ ಜೊತೆ ಆಡುತ್ತಾನೆ.

ನಾನೂ ವೈನಿಯೂ ಇಬ್ಬರೇ ಒಮ್ಮೆ ಕೂತೆವು. ನನ್ನ ನಿಯಮಗಳೆಲ್ಲ ತಯಾರಾಗಿದ್ದವು. ಮುದುಕಿ ಮತ್ತೆ ಗೌಡನ ಬಾಗಿಲಿಗೆ ಬಂದಿದ್ದಾಳೆ ಎಂದು ಕಥೆ ಶುರುಮಾಡಿದೆ.

“ಗೌಡನ ಕಡೆ ಯಾಕ?” ಎಂದರು. “ಮೊದಲ ಗೌಡಶ್ಯಾನಿನ್ನ ಮಾತಾಡಸ್ಬೇಕು. ಆಕಿ ತವರ ಯಾವ ಊರು?”

ಗೌಡನಿಗೆ ಮಗಳಿದ್ದ ಮೇಲೆ ಹೆಂಡತಿಯೂ ಇರಬೇಕೆಂಬುದೇ ನನಗೆ ಹೊಳೆದಿರಲಿಲ್ಲ. ಅವಳ ತವರು ಹುಡುಕುವವನಂತೆ ಪುಸ್ತಕದ ಹಾಳೆ ಮಗುಚತೊಡಗಿದೆ.