ಹೆಲನ್ ಬಾಯಿಯ ಎದೆಬಡಿತ ಮತ್ತು ತೆಂಗಿನ ಹಾಲು

ನಮ್ಮೂರಲ್ಲಿ ಕ್ರಿಶ್ಚಿಯನ್ ಹೆಂಗಸರ ಹೆಸರಿಗೆ ಗೌರವದಿಂದ ‘ಬಾಯಿ’ ಸೇರಿಸುತ್ತೇವೆ. ಕಾವೂರಿನ ನನ್ನ ನೆರೆಮನೆಯ ಹೆಲನ್ ಬಾಯಿಯ ವಿಷಯದಲ್ಲಿ ಆ ಪದದ ಎರಡು ಅರ್ಥವೂ ಸರಿಯೇ. ನಿವೃತ್ತ ನರ್ಸ್, ಮಾತಿಗೆ ನಿಂತರೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ಗೊತ್ತಾಗದು. ಅದಕ್ಕಿಂತ ದೊಡ್ಡ ಹುಚ್ಚು ಕುಣಿತ. ಬ್ಯಾಂಡಿನವರು ಇನ್ನೂ ವಾದ್ಯ ಸರಿಮಾಡಿಕೊಳ್ಳುತ್ತಿರುವಾಗಲೇ ಅವರ ಕಾಲು ತಾಳ ಹಿಡಿಯುತ್ತದೆ. ನನಗೆ ಇಂಥವರೆಂದರೆ ಪ್ರಾಣ. ಮೂಲೆ ಹಿಡಿದು ಕೂತು ಮಂಡಿನೋವಿನ ಪುರಾಣ ಬಿಚ್ಚುವವರನ್ನು ಕಂಡರೆ ಮೈ ಉರಿಯುತ್ತದೆ.

ಅಂಥವರಿಗೆ ತನ್ನ ಅಕ್ಕನ ಮಗ ಕ್ಯಾಲ್ವಿನ್‌ನ ಮದುವೆ ಹತ್ತಿರ ಬಂದಾಗಲೇ ಎದೆಬಡಿತ ಆಗಾಗ ತಪ್ಪತೊಡಗಿತು. ಪಂಪ್‌ವೆಲ್ ಹತ್ತಿರದ ಡಾಕ್ಟರ್ ಸ್ಕ್ಯಾನ್ ಮಾಡಿ, ಎದೆಗೆ ಒಂದು ಪಟ್ಟಿ ಅಂಟಿಸಿದರು. ಅದು ಪ್ರತಿ ಬಡಿತವನ್ನೂ ಅಳೆದು ಮೊಬೈಲ್ ಮೂಲಕ ಕ್ಲೌಡಿಗೆ ಕಳಿಸುತ್ತದೆ. ಅಲ್ಲಿ ಕಂಪ್ಯೂಟರ್ ವಿಶ್ಲೇಷಣೆ ಮಾಡುತ್ತದೆ. ಏನಾದರೂ ಎಡವಟ್ಟಾದರೆ ಬೆಂಗಳೂರಿನಿಂದ ಫೋನ್ ಬರುತ್ತದೆ.

“ರಿಪೋರ್ಟ್ ಬರುವ ತನಕ ಡಾನ್ಸ್ ಇಲ್ಲ ಮಮ್ಮಿ,” ಎಂದಳು ಮಗಳು ಏವ್ರಿಲ್. ಅವಳ ಅಪ್ಪ ಲ್ಯಾನ್ಸಿ ಹೃದಯಾಘಾತದಿಂದಲೇ ಹೋದವರು. ಹೀಗೆ ಹೆಲನ್ ಬಾಯಿ ಮದುವೆಯಲ್ಲಿ ಕುಣಿಯಬಹುದೋ ಇಲ್ಲವೋ ಎಂಬುದು ಕ್ಲೌಡಿನ ಕೈಗೆ ಹೋಯಿತು.

ಮದುವೆಯ ಹಿಂದಿನ ಸಂಜೆ ಕ್ಯಾಲ್ವಿನ್‌ಗೆ ರೋಸ್. ಮದುಮಗನನ್ನು ಕೂರಿಸಿ, ನೆಂಟರೆಲ್ಲ ಎಣ್ಣೆ ಹಚ್ಚಿ, ತಲೆಗೆ ತೆಂಗಿನ ಹಾಲು ಸುರಿಯುವ ಶಾಸ್ತ್ರ. ಅವನೊಬ್ಬನೇ ಒದ್ದೆಯಾದರೆ ಅದು ರೋಸೇ ಅಲ್ಲ. ಹೆಲನ್ ಬಾಯಿ ಕುರ್ಚಿಯಲ್ಲಿ ಸಂತಳ ಹಾಗೆ ಕೂತಿದ್ದರು. ಏವ್ರಿಲ್ ಅಡುಗೆಯವರ ಕಡೆಗೆ ಹೋದಳು, ಬ್ಯಾಂಡ್ ಶುರುವಾಯಿತು, ಇವರು ಎದ್ದೇಬಿಟ್ಟರು! ಕುಣಿದು ಕುಣಿದು ಹತ್ತಿರ ಬಂದ ಚಿಕ್ಕಮ್ಮನ ಕತ್ತಿಗೆ ಕ್ಯಾಲ್ವಿನ್ ಎರಡೂ ಕೈಯಿಂದ ಎಣ್ಣೆ ಸವರಿ, ಒಂದು ಚೊಂಬು ಹಾಲನ್ನೂ ಸುರಿದ. ಎಣ್ಣೆ ಎದೆಗಿಳಿದು ಪಟ್ಟಿ ಜಾರಿ ಎಲ್ಲೋ ಬಿತ್ತು. ಅದು ಗೊತ್ತಾದದ್ದು ಕ್ಲೌಡಿಗೆ ಮಾತ್ರ.

ಏವ್ರಿಲ್‌ಗೆ ಫೋನ್ ಬಂತು. “ಪೇಷೆಂಟ್ ಹೆಲನ್ ಅವರ ಎದೆಬಡಿತ ಕಾಣಿಸ್ತಿಲ್ಲ. ಉಸಿರಾಡ್ತಿದ್ದಾರಾ ನೋಡಿ!”

ಅವಳು ಕಿರುಚುತ್ತಾ ಚಪ್ಪರಕ್ಕೆ ಓಡಿ ಬಂದಳು. ನಡುವೆ ತಾಯಿ, ಕೂದಲಿಂದ ಹಾಲು ಸುರಿಸಿಕೊಂಡು, ಸೊಂಟಕ್ಕೆ ಕೈಯಿಟ್ಟು ಗಿರಗಿರನೆ ತಿರುಗುತ್ತಿದ್ದರು.

“ಉಸಿರಾಡುವುದಾ? ಡಾನ್ಸ್ ಮಾಡ್ತಾ ಇದ್ದಾರೆ ಮಾರಾಯ್ರೆ! ಪಟ್ಟಿ ಎಣ್ಣೆಗೆ ಜಾರಿದೆ,” ಎಂದಳು ಫೋನಿಗೆ.

“ಯಾವ ಎಣ್ಣೆ?”

“ತೆಂಗಿನೆಣ್ಣೆ! ಎಂತ, ನಿಮಗೆ ಒಗ್ಗರಣೆಗೆ ಬೇಕಿತ್ತಾ?” ಎಂದು ಪಕ್ಕದಿಂದ ನಾನೇ ಕೂಗಿದೆ.

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಏವ್ರಿಲ್ ಮಾತ್ರ ಕುರ್ಚಿಯಲ್ಲಿ ಕುಸಿದು ಅತ್ತಳು. ಅಷ್ಟರಲ್ಲಿ ಡಾಕ್ಟರರ ಫೋನ್, ನಾನೇ ಸ್ಪೀಕರಿಗೆ ಹಾಕಿದೆ. ಎಚ್ಚರಿಕೆ ಅವರಿಗೂ ಹೋಗಿತ್ತಂತೆ. ಗಾಬರಿಯಲ್ಲಿ ಇಷ್ಟು ದಿನದ ಲೆಕ್ಕವನ್ನೆಲ್ಲ ತೆರೆದು ನೋಡಿದ್ದರು.

“ಬಾಯಿ, ನಿಮ್ಮ ಬಡಿತ ತಪ್ಪಿದ್ದು ಸುಮ್ಮನೆ ಕೂತಾಗ ಮಾತ್ರ. ಸ್ಕ್ಯಾನ್ ಸರಿ ಉಂಟು, ಇದು ಅಪಾಯದ್ದಲ್ಲ. ಇವತ್ತು ಕುಣಿಯುವಾಗ, ಪಟ್ಟಿ ಬೀಳುವ ತನಕ, ಒಂದೂ ತಪ್ಪಿಲ್ಲ. ನಾಳೆಯೂ ಕುಣಿಯಿರಿ.”

ಚಪ್ಪರ ಹಾರಿಹೋಗುವಷ್ಟು ಕೂಗೆದ್ದಿತು. ಏವ್ರಿಲ್ ಏಳಲಿಲ್ಲ. ಅಪ್ಪ ಹೋದ ಮೇಲೆ ಅವಳು ಒಂದು ಮದುವೆಯಲ್ಲೂ ಕುಣಿದವಳಲ್ಲ. ಹೆಲನ್ ಬಾಯಿ ಮಗಳ ಅಂಗೈಯನ್ನು ತನ್ನ ಎದೆಯ ಮೇಲೆ ಒತ್ತಿಕೊಂಡರು.

“ಬೆಂಗಳೂರಿನವರು ಹೇಳುವುದು ಬೇಡ. ನೀನೇ ನೋಡು.”

ಏವ್ರಿಲ್ ಕಣ್ಣು ಮುಚ್ಚಿ ಬಡಿತ ಎಣಿಸಿದಳು.

“ಫಾಸ್ಟ್ ಉಂಟು ಮಮ್ಮಿ.”

“ಹಾಡು ಫಾಸ್ಟ್ ಉಂಟಲ್ಲ! ಏಳು.”

ಏವ್ರಿಲ್ ಎದ್ದಳು.