ಕೊನೆಯ ಪ್ಯಾರಾದ ಅಂಚು

ಐದನೆಯ ತರಗತಿಯಲ್ಲಿ ನನಗೆ ಕನ್ನಡ ಕಲಿಸಿದ ಮಾಸ್ತರ ಪುಸ್ತಕವೊಂದು ನನ್ನ ಕಪಾಟಿನಲ್ಲಿದೆ. ಅದನ್ನು ತೆರೆಯಲು ನನಗೆ ಮುಖವಿಲ್ಲ.

ನಿವೃತ್ತರಾದ ಮೇಲೆ ಅವರು ಸಂಪಾಜೆಯಲ್ಲಿ ಕೂತು ತಮ್ಮ ಕುಟುಂಬದ ಚರಿತ್ರೆ ಬರೆದರು. ಯಾವ ಮನೆಯಿಂದ ಯಾರು ಬೇರೆಯಾದರು, ಹೆಣ್ಣುಮಕ್ಕಳನ್ನು ಯಾವ ಊರಿಗೆ ಕೊಟ್ಟರು, ಎಲ್ಲವೂ ಇತ್ತು. ಸುಳ್ಯದಲ್ಲಿ ಗಣಿತ ಪಾಠ ಮಾಡುವ ನಾನು, ಪುಟ ಜೋಡಿಸಿಕೊಡುತ್ತೇನೆಂದು ಮೇಲೆ ಬಿದ್ದು ಒಪ್ಪಿಕೊಂಡೆ. ಗಣಿತದವರು ಅಚ್ಚುಜೋಡಣೆಗೆ ಬಳಸುವ ತಂತ್ರಾಂಶವಾದ ಟೆಕ್‌ನಲ್ಲಿ ಪುಟವನ್ನು ಮೌಸ್ ಹಿಡಿದು ಎಳೆದಾಡುವುದಿಲ್ಲ, ಆಜ್ಞೆ ಬರೆಯುತ್ತೇವೆ. ಮತ್ತೆ ಮತ್ತೆ ಬೇಕಾಗುವ ಆಜ್ಞೆಗಳನ್ನು ಒಂದೇ ಹೆಸರಿನಲ್ಲಿ ಕಟ್ಟಿಟ್ಟರೆ ಅದು ಮ್ಯಾಕ್ರೊ. ಒಂದೊಂದು ಮನೆಯ ವಿವರವನ್ನೂ ಅಂಚಿನಿಂದ ಒಳಗೆ ಸರಿಸಲು ನಾನೇ ಒಂದು ಮ್ಯಾಕ್ರೊ ಬರೆದೆ. ಆದರೆ ಪ್ರತಿ ಮನೆಯ ಕೊನೆಯ ಪ್ಯಾರಾ ಮಾತ್ರ ಹೇಳಿದ ಮಾತು ಕೇಳದೆ ಎಡ ಅಂಚಿಗೇ ಬಂದು ನಿಲ್ಲುತ್ತಿತ್ತು.

ಮಾಸ್ತರು ಮೊದಲ ನೋಟಕ್ಕೇ ಹಿಡಿದರು. "ಇದೆಂತ ಮಾರಾಯ, ಕೊನೇದು ಮಾತ್ರ ಹೊರಗೆ ಉಂಟಲ್ಲ?"

"ನೀವು ಟೈಪ್ ಮಾಡುವಾಗ ಎಲ್ಲೆಲ್ಲೋ ಸ್ಪೇಸ್ ಒತ್ತಿದ್ದೀರಿ ಮಾಷ್ಟ್ರೆ" ಎಂದೆ. ನನ್ನ ಮ್ಯಾಕ್ರೊವನ್ನು ತೆರೆದು ಕೂಡ ನೋಡಿರಲಿಲ್ಲ. ಅಷ್ಟು ಜಂಬ ನನಗೆ.

ಮೂರು ವಾರದ ಬಳಿಕ ಅವರು ಬಸ್ಸಿನಲ್ಲಿ ನನ್ನ ಕಾಲೇಜಿಗೆ ಬಂದು ಪೆನ್‌ಡ್ರೈವ್ ಕೈಗಿಟ್ಟರು. ಇಡೀ ಪುಸ್ತಕವನ್ನು ಒಂದೇ ಬೆರಳಿನಲ್ಲಿ ಮೊದಲಿನಿಂದ ಟೈಪ್ ಮಾಡಿದ್ದರು.

"ಈ ಸಲ ಸ್ಪೇಸ್ ಎಲ್ಲ ನೋಡಿಯೇ ಒತ್ತಿದ್ದು."

ಅವರನ್ನು ಚಾ ಕುಡಿಯಲು ಕ್ಯಾಂಟೀನಿಗೆ ಕಳಿಸಿ ಪುಟ ತೆಗೆದು ನೋಡಿದೆ. ಅದೇ ತಪ್ಪು! ಆಗ ಮ್ಯಾಕ್ರೊ ತೆರೆದೆ. ಪ್ಯಾರಾ ಮುಗಿದ ಮೇಲೆಯೇ ಟೆಕ್ ಅದರ ಸಾಲುಗಳನ್ನು ಕೂರಿಸುವುದು. ಆಜ್ಞೆ ಎಲ್ಲಿಯವರೆಗೆ ನಡೆಯಬೇಕೆಂದು ತೋರಿಸುವ ಆವರಣವನ್ನು ನನ್ನ ಮ್ಯಾಕ್ರೊ ಅದಕ್ಕೆ ಮೊದಲೇ ಮುಚ್ಚಿ, ಒಳಗೆ ಸರಿಸುವ ಆಜ್ಞೆಯನ್ನು ರದ್ದು ಮಾಡುತ್ತಿತ್ತು. ಆವರಣ ಮುಚ್ಚುವ ಮುಂಚೆ, ಪ್ಯಾರಾ ಮುಗಿಸು ಎಂಬ ಒಂದು ಆಜ್ಞೆ ಸೇರಿಸಿದೆ. ಎಲ್ಲ ಸಾಲಿಗೆ ಬಂತು. ಹೊಸಬರಿಗೆ ನಾನೇ ಹೇಳಿಕೊಡುವ ಪಾಠ ಅದು.

ಮಾಸ್ತರು ಬಂದು ಪರದೆ ನೋಡಿದರು. "ಸರಿ ಆಯ್ತಲ್ಲ! ಹಾಗಾದ್ರೆ ನನ್ನದೇ ತಪ್ಪಾ?"

"ಹೌದು ಮಾಷ್ಟ್ರೆ" ಎಂದೆ.

ಪುಸ್ತಕ ಮುದ್ರಣಕ್ಕೆ ಹೋಗುವ ಮುಂಚೆ ಕೃತಜ್ಞತೆಯ ಪುಟ ಕಳಿಸಿದರು. ತಮ್ಮ ತಪ್ಪುಗಳನ್ನು ಬೇಸರಿಸದೆ ತಿದ್ದಿದ ಶಿಷ್ಯನಿಗೆ ಋಣಿ ಎಂದು ಬರೆದಿದ್ದರು. ನಾಚಿಕೆಯಿಂದ ಫೋನ್ ಮಾಡಿ, "ಆ ಸಾಲು ತೆಗೆಯುವ ಮಾಷ್ಟ್ರೆ" ಎಂದೆ. ಯಾಕೆಂದು ಹೇಳಲು ಬಾಯಿ ಬರಲಿಲ್ಲ.

ಅವರು ನಕ್ಕರು. "ಸಣ್ಣವ ಇರುವಾಗಲೂ ನೀನು ಹೀಗೇ, ಹೊಗಳಿದ್ರೆ ಓಡುವವ. ಅದು ಇರ್ಲಿ. ಸ್ವಲ್ಪ ದಪ್ಪ ಅಕ್ಷರದಲ್ಲೇ ಹಾಕು."

ಹಾಕಿದೆ.